ಬದಲಿ ಕರಾರು

ಕಾಗದದ ಮೂರನೇ ಸಾಲಿನಲ್ಲಿ ನನ್ನ ಹೆಸರು,
ಏಳನೇ ಸಾಲಿನಲ್ಲಿ ಅವಳದು.
'ಬರೆಯಲೇಬೇಕು' ಅಂದ ಎಲಾದಿಯೊ, ಕನ್ನಡಕ ಹಣೆಗೇರಿಸಿ,
'ಯಾರ ಬದಲಿಗೆ, ಯಾತಕ್ಕೆ. ಅದಿಲ್ಲದಿದ್ದರೆ
ಕಾನೂನಿನ ಕಣ್ಣಿಗೆ ನೀನು ಖಾಯಂ ಆಗಿಬಿಡುತ್ತೀ.'
ಹಾಗಾದರೆ ಬರೆಯಬೇಡಿ, ಅಂದೆ.
ನಕ್ಕ. ನಾನೂ ನಕ್ಕೆ. ಬರೆದ.

ನೊಯೆಲಿಯಾ ಸೊಲಾನಾ. ಹೆರಿಗೆ ರಜೆ.
ನನ್ನ ಕೊನೆಯ ದಿನದ ಜಾಗದಲ್ಲಿ ತಾರೀಖಿಲ್ಲ,
'ಆಕೆ ಮರಳುವವರೆಗೆ' ಎಂದಷ್ಟೇ.
ಹತ್ತು ದಿನದೊಳಗೆ ಉದ್ಯೋಗ ಕಚೇರಿಗೆ ಮುಟ್ಟಬೇಕಂತೆ;
ಅವನು ಗುಂಡಿ ಒತ್ತಿದ. ನಾನೂ ಅವಳೂ
ರೈಲು ಹತ್ತದೆ ಒಟ್ಟಿಗೆ ಮ್ಯಾಡ್ರಿಡ್ ಸೇರಿದೆವು.

ಸಾಂತೋನ್ಯಾದ ಈ ಕಾರ್ಖಾನೆಯಲ್ಲಿ ಆಂಚೊವಿ ಮೀನು
ಉಪ್ಪಿನ ಪೀಪಾಯಿಯೊಳಗೆ ಕೂತು ಹಣ್ಣಾಗಲು
ಎಂಟು ತಿಂಗಳು, ಕೆಲವೊಮ್ಮೆ ವರ್ಷ.
ನನ್ನನ್ನು ಪರೀಕ್ಷಿಸಲು ಹದಿನೈದೇ ದಿನ ಸಾಕಂತೆ.
ಅಷ್ಟರಲ್ಲಿ ನನ್ನ ಮುಳ್ಳು ಯಾರ ಬೆರಳಿಗೆ ಸಿಕ್ಕೀತು?

ಬದಲಿಯವಳು ಕೊಂಚ ಮೊದಲೇ ಬಂದು ಜೊತೆಗಿರಬಹುದು,
ಅದಕ್ಕೂ ಕಾನೂನಿನಲ್ಲಿ ಜಾಗವಿದೆ.
ಹಾಗಾಗಿ ಒಂದೇ ಮೇಜಿಗೆ ನಾವಿಬ್ಬರು,
ಅವಳ ಹೊಟ್ಟೆ ಮೇಜಿಗೂ ಅವಳಿಗೂ ನಡುವೆ.
'ಬಲೆಯ ತುಂಡಿನಿಂದ ಉಜ್ಜು. ಮೆಲ್ಲಗೆ. ಮಗುವಿನ ಬೆನ್ನು ಅಂದುಕೋ.'
ಕತ್ತರಿ ಕೊಟ್ಟಳು. ಹಿಡಿಗೆ ಅವಳ ಹೆಬ್ಬೆರಳ ಗುಂಡಿ ಬಿದ್ದಿತ್ತು.
ನನ್ನದು ಅದರಲ್ಲಿ ಕೂರಲಿಲ್ಲ.

ಅಮ್ಮನಿಗೆ ಕಾಗದವೇ ಇರಲಿಲ್ಲ. ದೋಣಿ ಬಂದರೆ ಸೈರನ್,
ನಡುರಾತ್ರಿಯಾದರೂ ಸರಿ, ಹಿಟ್ಟಿನ ಕೈಯಲ್ಲೇ ಓಟ.
ಚಿಕ್ಕಮ್ಮನ ಮಗಳು ಅಸುಂತಾ ಖಾಯಂ, ಆದರೆ ಬಿಟ್ಟುಬಿಟ್ಟು:
ಹಂಗಾಮು ಬಂದಾಗ ಸರದಿಯಂತೆ ಕರೆ ಬರಬೇಕು,
ಸರದಿ ತಪ್ಪಿಸಿದರೆ ದಾವೆ ಹೂಡಬಹುದು.
ಒಮ್ಮೆ ಹೂಡಿದಳು. ಗೆದ್ದಳು.
ಕಿಟಕಿಯ ಪಕ್ಕದ ಮೇಜು ಮಾತ್ರ ಮತ್ತೆ ಸಿಗಲಿಲ್ಲ.
ಅಕ್ಕನ ಮಗ ತಾಸಿಯೊನದು ಕಲಿಕೆಯ ಕರಾರು;
ಅವನಿಗೊಬ್ಬ ಗುರು ಇರಲೇಬೇಕು, ಇದ್ದಾನೆ,
ಬಹುಪಾಲು ಹೊರಗೆ, ಸಿಗರೇಟಿನ ಜೊತೆ.

ಅಸುಂತಾಳದು ಹಂಗಾಮು, ನನ್ನದು ಹಂಗಾಮಿ.
ಕೊಂಬು ಅವಳಿಗೆ, ಗುಡಿಸು ನನಗೆ.
ಹಂಗು ಇಬ್ಬರಿಗೂ.

ಒಂದು ಮಾತು ಹೇಳಿಬಿಡುತ್ತೇನೆ, ಎಲ್ಲೂ ಬರೆದಿಲ್ಲದ್ದು.
ರಾತ್ರಿ ಬೆರಳ ಬಿರುಕಿಗೆ ಎಣ್ಣೆ ಹಚ್ಚುತ್ತಾ
ಅವಳು ಬಾರದಿರಲಿ ಎಂದುಕೊಂಡಿದ್ದೇನೆ.
ಕೇಡಲ್ಲ, ಅಯ್ಯೋ, ಕೇಡಲ್ಲ.
ಗಂಡನಿಗೆ ಬಿಲ್ಬಾವೊದಲ್ಲಿ ಒಳ್ಳೆಯ ಕೆಲಸ ಸಿಗಲಿ,
ಸಮುದ್ರ ಕಾಣುವ ಮನೆ, ಹತ್ತಿರದಲ್ಲೇ ಶಾಲೆ.
ಇಷ್ಟೊಂದು ಒಳಿತನ್ನು ನಾನು ಯಾರಿಗೂ ಬಯಸಿದ್ದಿಲ್ಲ.

ಹತ್ತನೇ ವಾರ ಮಗುವನ್ನೆತ್ತಿಕೊಂಡು ಬಂದಳು.
ಎಲ್ಲರೂ ಕೈಗವಸು ಕಳಚಿದರು.
ಅವನು ನನ್ನ ಬೆರಳನ್ನೇ ಹಿಡಿದು ಬಾಯಿಗಿಟ್ಟು
ಮುಖ ಕಿವಿಚಿದ.
ಇವನು ಹುಟ್ಟಿದ್ದಕ್ಕೆ ನನಗೆ ಅನ್ನ,
ಇವನು ಬೆಳೆದಂತೆ ಅದು ಕರಗುತ್ತದೆ.
ಇಗೋ ಮರಿ, ಉಪ್ಪಿನ ಋಣ.
ಯಾರು ಯಾರಿಗೆ ಎಂದು ಮಾತ್ರ ಕೇಳಬೇಡ.

ಅವಳು ಮರಳಿದ್ದು ಒಂದು ಮಂಗಳವಾರ.
ಎಲಾದಿಯೊ ಲೆಕ್ಕ ತಿರುಗಿಸಿ ತೋರಿಸಿದ:
ದಿನಗೂಲಿ, ಉಳಿದ ರಜೆ, ಬೋನಸ್ಸಿನ ಪಾಲು.
ಬೇರೆ ಹಂಗಾಮಿಗಳಿಗೆ ವರ್ಷಕ್ಕೆ ಹನ್ನೆರಡು ದಿನದ ಪರಿಹಾರ;
ಬದಲಿಯವರಿಗೆ ಅದಿಲ್ಲ.
ಏಕೆ? ಅವನು ಕನ್ನಡಕ ಹಣೆಗೇರಿಸಿದ. ಇಳಿಸಿದ.

ನೊಯೆಲಿಯಾ ಏಪ್ರನ್ ಕಟ್ಟಿ ಕತ್ತರಿ ಎತ್ತಿಕೊಂಡಳು,
ತೆರೆದಳು, ಮುಚ್ಚಿದಳು,
ಹಿಡಿಯನ್ನು ಬೆಳಕಿಗೆ ಹಿಡಿದು ನೋಡಿದಳು.
'ಇದು ನನ್ನದೇನಾ?'

ಏಳನೇ ಸಾಲು ನೋಡು, ಅಂದೆ.
ನಕ್ಕಳು. ಜಾಗ ಬಿಡಲು ನಾನು ಒಂದು ಹೆಜ್ಜೆ ಸರಿದೆ,
ಅವಳೂ ಅದೇ ಹೊತ್ತಿಗೆ, ಅದೇ ಕಡೆಗೆ.