ಏಳನೆಯ ಕೈಗವಸು

ಆರು ಗವಸುಗಳು ಆಗಲೇ ಕೈಕೊಟ್ಟಿದ್ದವು,
ಬ್ರನೋದ ಟ್ರಾಮ್ ಡಿಪೋ ಹಿಂದಿನ ನಮ್ಮ ಒಂದೇ ಕಿಟಕಿಯ ಕೋಣೆಯಲ್ಲಿ.
ಒಂದು ಬೆವರಿಗೆ ಸತ್ತಿತು. ಒಂದು
ಮೇಜಿನ ಮೇಲೆ ಸುಮ್ಮನೆ ಬಿದ್ದಲ್ಲೇ ಬಡಬಡಿಸಿತು.
ನಾಲ್ಕನೆಯದು ಕಾದು, ಒತಾಕರನ ಮಣಿಕಟ್ಟಿನಲ್ಲಿ
ಕಡಲೆಕಾಳಿನಷ್ಟು ಬೊಬ್ಬೆ.
ಉಳಿದವುಗಳ ಮಾತು ಬೇಡ.

ಏಳನೆಯದು ಲಿಬುಶೆಯ ಎಡಗೈಗೆ.
ನಾಟಕಶಾಲೆಗೆ ಮೂವತ್ತು ವರ್ಷ ಉಡುಪು ಹೊಲಿದ ಕೈ;
ಮೊದಲು ಕಿವಿ ಹೋಯಿತು, ಆಮೇಲೆ ಕಣ್ಣು,
ಈಗ ಅಂಗೈಯೇ ಅವಳ ಸ್ಲೇಟು:
ಐದು ಬೆರಳ ತುದಿ ಐದು ಸ್ವರ,
ನಡು ಅಂಗೈಯಲ್ಲೊಂದು ಸುತ್ತು ಎಳೆದರೆ ಸ,
ಬೆರಳೆಲ್ಲ ಸೇರಿ ಹನಿಹನಿ ಬಡಿದರೆ ರ.
ಬರೆಯುವವರು ಎದುರಿಗೇ ಕೂತಿರಬೇಕು, ಅದೇ ತೊಡಕು.
ದೂರದವರ ಮಾತನ್ನು ನಡುಕವಾಗಿಸಿ ಇಳಿಸುವುದು,
ಅವಳು ಒತ್ತಿದ್ದನ್ನು ಅಕ್ಷರವಾಗಿಸಿ ಕಳಿಸುವುದು
ಗವಸಿನ ಕೆಲಸ.

ಪಕ್ಕದ ಕೋಣೆಯಿಂದ ಒತಾಕರ ಟೈಪಿಸಿದ: ಚಹಾ ಬೇಕೆ?
ಅವಳು ಬೆಚ್ಚಿ ಕೈ ಎಳೆದುಕೊಂಡಳು.
"ಕಿರುಚಬೇಡ ಅನ್ನಿ ಅವನಿಗೆ. ಚಹಾಕ್ಕೂ
ಬೆಂಕಿ ಬಿದ್ದಿದೆ ಅನ್ನುವುದಕ್ಕೂ ಒಂದೇ ಜೋರೇ?"
ಆಮೇಲೆ ಬಲಗೈಯಿಂದ ಹೊಲಿಗೆ ತಡವುತ್ತ,
"ಇದನ್ನು ಹೊಲಿದವನಾರು? ಹೆಬ್ಬೆರಳ ಬುಡದಲ್ಲಿ ಮೂರು ಪದರ;
ಅಲ್ಲಿ ನಾನು ಇನ್ನೊಮ್ಮೆ ಕಿವುಡಿ. ಕತ್ತರಿ ಕೊಡಿ."

ಹೊಲಿದವನು ನಾನು. ಎಂಟು ವಾರ.
ಎಳೆ ಎಳೆಯಾಗಿ ಬಿಚ್ಚಿದಳು.
ಒಳಗಿನ ಹೊಲಿಗೆಯನ್ನು ಹೊರಗೆ ಮಗುಚಿ
ಸಂದಿಗೊಂದು ಮುಕ್ಕೋನದ ಪಟ್ಟಿ ಕೊಟ್ಟು
ವಿದ್ಯುತ್ತು ಹರಿಯುವ ಬೆಳ್ಳಿದಾರವನ್ನು
ಸೂಜಿಗೆ ಪೋಣಿಸಲು ನಾಲಗೆಗೆ ತಾಗಿಸಿದಳು.
ಬ್ಯಾಟರಿ ತೆಗೆಯಲು ಮರೆತಿದ್ದೆ.
ಕೂಗಿದೆ. ಯಾರಿಗೆ ಕೇಳಬೇಕು?
ಚುರುಕ್ಕೆಂದಿತಂತೆ. ನಕ್ಕಳು:
"ಇದೊಂದು ಅಕ್ಷರ ಸ್ಪಷ್ಟವಾಗಿದೆ."

ಅಂಗೈ ಹುಣ್ಣಿಗೆ ಕನ್ನಡಿ ಬೇಡ ಎನ್ನುತ್ತಾರೆ.
ನಮಗೆ ಬೇಕಾಯಿತು; ಆ ಕನ್ನಡಿಗೆ ಕಣ್ಣಿರಲಿಲ್ಲ.

ಹೊರಡುವ ಮೊದಲು ನನ್ನ ಕೈ ಹಿಡಿದು
ಅಂಗೈಯಲ್ಲಿ ಚಹಾ ಎಂದು ಬರೆದು ತೋರಿಸಿದಳು,
ಹಿಟ್ಟಿನ ಮೇಲೆ ಬರೆದಷ್ಟು ಹಗುರಾಗಿ.
ಕೊನೆಗೆ ಬೆರಳನ್ನು ಎತ್ತದೆ
ಕೊಂಚ ಹೊತ್ತು ಅಲ್ಲೇ ಇಟ್ಟಳು.
ಪ್ರಶ್ನೆ ಎಂದರೆ ಅದು.

ರಾತ್ರಿ ಹತ್ತಕ್ಕೆ ಅವಳ ಅಡುಗೆಮನೆಯಿಂದ ಫೋನಿಗೆ ಬಂತು:
ಹೆಬ್ಬೆರಳಿಗೆ ಈಗ ಕೇಳಿಸುತ್ತಿದೆ ಚಾರ್ಜರ್ ಎಲ್ಲಿ
ಪ್ರಶ್ನೆಯ ಗುರುತಿರಲಿಲ್ಲ.
ಹೊತ್ತು ಮೀರಿ ನಿಂತ ಬೆರಳನ್ನು
ನಮ್ಮ ಪ್ರೋಗ್ರಾಮು ದೋಷವೆಂದೆಣಿಸಿ ಅಳಿಸಿಹಾಕಿತ್ತು.

ಎದ್ದು ಮತ್ತೆ ದೀಪ ಹಾಕಿದೆ.