ಬೆಲ್ಲಿನ ಟೋಪಿ

ಗಿಣಿಗೇರಿ ಕ್ರಾಸಿನ್ಯಾಗ
ಲಾರಿಗೂ ನಾನ ಗಾಳಿ ಹಾಕ್ತೀನಿ, ಸೈಕಲ್ಲಿಗೂ ನಾನ.
ಪೈಪು ಒಂದ, ಮೂತಿ ಬ್ಯಾರೆ.
ಹಿಂಗಾಗಿ ಎರಡೂ ಕಡೆಯ ಬೈಗುಳ
ನನ್ನ ಅಂಗಡಿಗೇ ಬಂದು ಕುಂದರತಾವ.

"ಸೈಕಲ್ಲಿನವರು ಕುರಿ ಇದ್ದಂಗ, ರಾಜಾಬಕ್ಷಿ,
ಎತ್ತಾಗ ಹೊಳ್ಳತಾರ ಅವರಿಗೇ ಗೊತ್ತಿಲ್ಲ"
ಅಂತಾನ ಲಾರಿ ಇಳಿದಾಂವ, ಚಾ ಊದಿಕೋತ.
"ರೋಡು ಇವರಪ್ಪ ಬರೆದು ಕೊಟ್ಟಾನೇನು?"
ಅಂತಾನ ಸೈಕಲ್ ಇಳಿದಾಂವ,
ಕಣ್ಣಾಗಿನ ಕರಿ ಧೂಳು ತಕ್ಕೋತ.
ನಾನು ಟ್ಯೂಬು ನೀರಾಗ ಮುಳುಗಿಸಿ
ಗುಳ್ಳಿ ಎಲ್ಲಿ ಏಳತೈತಿ ನೋಡತಿರತೀನಿ.
ಹೂಂ ಅಂದರ ಇಬ್ಬರಿಗೂ ಹೂಂ.

ಇನ್ನ ಮೂರನೇ ಮಾತೊಂದೈತಿ, ನನ್ನ ಬೆನ್ನ ಹಿಂದಿಂದು:
ರಾತ್ರಿ ರಾಜಾಬಕ್ಷಿ ರೋಡಿಗೆ ಮೊಳಿ ಚೆಲ್ಲತಾನ,
ಅದಕ್ಕ ವ್ಯಾಪಾರ ಜೋರು, ಅಂತ.
ಅಲ್ಲಾನ ಆಣಿ, ಚೆಲ್ಲಿಲ್ಲ.
ಟೈರಿನಿಂದ ಕಿತ್ತಿದ್ದು ಡಾಲ್ಡಾ ಡಬ್ಬ್ಯಾಗ ಹಾಕಿಡತೀನಿ.
ಹನ್ನೊಂದು ವರ್ಷದ ಮೊಳಿ.
ಒಂದು ಕೈಲೆ ಎತ್ತಾಕ ಬರಂಗಿಲ್ಲ ಈಗ.

ಮೊನ್ನೆ ಬೆಳಿಗ್ಗೆ, ಏಳರ ಶಿಫ್ಟಿನ ಹೊತ್ತು,
ಫ್ಯಾಕ್ಟರಿ ಕ್ಯಾಂಟೀನಿನ ಹನುಮವ್ವ
ಸೈಕಲ್ ತಳ್ಳಿಕೋತ ಬಂದಳು.
ಮಗಳು ಎಂಟನೇತ್ತೆ ಇದ್ದಾಗ ಸಾಲ್ಯಾಗ ಕೊಟ್ಟ ಸೈಕಲ್ಲು;
ಮಗಳು ಗಂಡನ ಮನಿಗೆ ಹೋದಳು,
ಸೈಕಲ್ಲು ಅವ್ವಗ ಉಳೀತು.
ಹಿಂದಿನ ಗಾಲಿ ಸೊಟ್ಟ. ಮೊಣಕೈ ಸುಲಿದಿತ್ತು.
ಒಂದು ಕೈಯಾಗ ಹ್ಯಾಂಡಲ್ಲು,
ಇನ್ನೊಂದರಾಗ ಕಿತ್ತುಬಿದ್ದ ಬೆಲ್ಲಿನ ಟೋಪಿ,
ಪ್ರಸಾದ ಹಿಡಿದಂಗ.

ಅದ ಲಾರಿ ನನ್ನ ಮುಂದ ನಿಂತಿತ್ತು, ಗಾಳಿಗೆ.
ಡ್ರೈವರ್ ಶರಣಬಸ್ಸು,
ಎರಡು ರಾತ್ರಿ ನಿದ್ದಿ ಕಾಣದ ಕಣ್ಣು.
ಜಗಳ ಹತ್ತತೈತಿ ಅಂತ ಜಾಕು ಕೆಳಗಿಟ್ಟೆ.
ಆಕಿ ಒದರಲಿಲ್ಲ.
"ಬೆಲ್ ಹೊಡದಿದ್ದೆನಲ್ಲೋ ತಮ್ಮಾ?"
"ಅಷ್ಟೆತ್ತರಕ್ಕ ಕೇಳಂಗಿಲ್ಲ ಬೇ. ಬೇಕಾದರ ಹತ್ತಿ ನೋಡು."

ಹತ್ತೇ ಬಿಟ್ಟಳು.
ಸೆರಗು ನಡಕ್ಕ ಸಿಗಿಸಿ, ಮೆಟ್ಟಲಾ ಹಿಡದು,
ಡ್ರೈವರ್ ಸೀಟಿನ್ಯಾಗ ಕುಂತು
"ಚಾಲೂ ಮಾಡೋ" ಅಂದಳು.
ಕ್ಲೀನರ್ ಹುಡುಗ ಕೀಲಿ ತಿರುವಿದ.
ಮೋಸ ಆಗಬಾರದು ಅಂತ
ಅಂಗಡ್ಯಾಗಿನ ಹೊಸಾ ಬೆಲ್ಲು ತಗದು
ನಾನು ಕೆಳಗ ನಿಂತು ಹೊಡದೆ.
ಹೊಡದೆ, ಹೊಡದೆ. ಹೆಬ್ಬೆಟ್ಟು ನೊಂದಿತು.
ಚಾದಂಗಡಿಯವರು ನಗಾಕ ಹತ್ತಿದರು.

ಇಳಿದಳು.
"ಖರೇ ಐತಿ. ಕೇಳಂಗಿಲ್ಲ."
ಶರಣಬಸ್ಸು ನಕ್ಕ, ಗೆದ್ದವರಂಗ.
"ಆದರ ಕಾಣತೈತಿ" ಅಂದಳು.
"ಅಲ್ಲಿಂದ ನನ್ನ ಬುಟ್ಟ್ಯಾಗಿನ
ಉಪ್ಪಿನಕಾಯಿ ಡಬ್ಬಿ ಮುಚ್ಚಳ ಸಡ್ಲಾಗಿದ್ದು ಕಾಣತೈತಿ, ತಮ್ಮಾ.
ನಾ ಹೆಂಗ ಕಾಣಲಿಲ್ಲ?"

ಇಂಜಿನ್ನು ಗುರುಗುಡತಾ ಇತ್ತು.
ಆಂವ ಏನೂ ಅನ್ನಲಿಲ್ಲ.
ಕಿಸೆದಾಗಿಂದ ನೂರರ ನೋಟು ತಗದು
ನನ್ನ ಪಾನಾ ಪೆಟಿಗಿ ಮ್ಯಾಲಿಟ್ಟ, ಆಕಿ ಕೈಯಾಗಲ್ಲ.
ಹೋಗೋ ಮುಂದ ಹಾರ್ನ್ ಹೊಡೀದ ಹೋದ.
ಅದಕ್ಕೇನು ಅರ್ಥ ಹಚ್ಚಲಿ,
ಹಾರ್ನ್ ಕೆಟ್ಟಿತ್ತೋ ಏನೋ.

ಗಾಲಿ ತಿದ್ದಿದೆ. ಮೂರು ಹೊಸಾ ಕಡ್ಡಿ, ಅದ ನೂರರಾಗ.
ಹೊಸಾ ಬೆಲ್ಲು ಬ್ಯಾಡಂದಳು.
ಹಳೇ ಟೋಪಿ ಬಡದು ಕುಂದರಿಸಿದೆ;
ಟ್ರಿಣ್ ಅನ್ನೋದು ಬಿಟ್ಟು ಖರ್ ಅಂತೈತಿ,
ಹೊಗಿ ಕುಡದಾಂವ ಕೆಮ್ಮಿದಂಗ.

ಆ ರಾತ್ರಿ ಅಂಗಡಿ ಹಾಕೋ ಮುಂದ
ಡಾಲ್ಡಾ ಡಬ್ಬ್ಯಾಗ ಕೈ ಇಟ್ಟೆ, ಸುಳ್ಳ್ಯಾಕ ಹೇಳಲಿ.
ಒಂದು ಹಿಡಿ. ರೋಡಿನ ತನಕ ಹೋದೆ.
ಲಾರಿ ಬಂದವು, ಹೋದವು, ಬೆಳಕು ಮಾರಿಗೆ ಹೊಡೀತು.
ಅವುಗಳ ಸಂದ್ಯಾಗ, ಬಿಳಿ ಗೆರಿ ಹಿಡದು,
ರಾತ್ರಿ ಪಾಳೇದವರ ಸೈಕಲ್ಲು, ಎಂಟೋ ಹತ್ತೋ,
ದೀಪಿಲ್ಲ,
ಬಾಯಾಗಿನ ಬೀಡಿ ಕೆಂಡದ ಮ್ಯಾಲ ಗುರುತು.
ಮೊಳಿಗೆ ಟೈರಿನ ದಪ್ಪ ತಿಳಿಯಂಗಿಲ್ಲ.
ಹೊಳ್ಳಿ ಬಂದು ಡಬ್ಬಿಗೆ ಸುರುವಿದೆ.
ಸಪ್ಪಳ ಬಾಳ ಆತು.

ಬೆಳಿಗ್ಗೆ ಹನುಮವ್ವ ಗಾಳಿಗೆ ಬಂದಳು.
ಐದು ರೂಪಾಯಿ ಬ್ಯಾಡಂದೆ, ಇಟ್ಟು ಹೋದಳು.
ದಿನಾ ಗೆರಿಯ ಹೊರಗ, ಮಣ್ಣಿನ್ಯಾಗ ತುಳಿಯಾಕಿ.
ಇವತ್ತು ಖರ್ ಖರ್ ಅಂತ
ಯಾರಿಗೂ ಕೇಳದ ಬೆಲ್ಲು ಹೊಡಕೋತ ಹೊಂಟಳು,
ಗೆರಿಯ ಒಂದು ಗೇಣು ಒಳಗ.