ಇಪ್ಪತ್ತಾರು ಡಿಗ್ರಿ

ರುವೈಸಿನ ಕ್ಲಿನಿಕ್ಕಿನಲ್ಲಿ ಜೆಸಿಂತಾ ಬಾಯಿ
ನನ್ನ ಚೀಲವನ್ನು ಮೇಜಿನ ಮೇಲೆ ಸುರಿದು
ಕೋಳಿ ಕೆದಕಿದ ಹಾಗೆ ಕೆದಕಿದರು.
"ಇನ್ಸುಲಿನ್ ಪೆನ್ನು ಐದೂ ಒಂದೇ ಚೀಲದಲ್ಲಿಯಾ ಇದಿನಬ್ಬ?
ಕಡಲಿಗೆ ಬಿದ್ದರೆ? ಮೀನಿಗೇನು ಶುಗರಿದೆಯಾ?"
ಮೂರು ಚೀಲಕ್ಕೆ, ಎರಡು ಸೊಂಟದ ಪಟ್ಟಿಗೆ.
ಡಾಕ್ಟರ ಚೀಟಿ ಅರಬಿಯಲ್ಲಿ, ಮೊಹರು ಕಾಣುವಂತೆ ಮೇಲೆ.
ಊರಿನಿಂದ ತಂದ ಕೆಮ್ಮಿನ ಸಿರಪ್ಪು ಕಸದ ಬುಟ್ಟಿಗೆ,
"ಜೈಲಿನಲ್ಲಿ ಕೆಮ್ಮುವ ಆಸೆಯಾ ನಿನಗೆ?"
ಸಕ್ಕರೆ ಪೊಟ್ಟಣ ಎದೆಯ ಕಿಸೆಗೆ.
ಬರಿಗಾಲಲ್ಲಿ ನಡೆಯಬೇಡ, ಚಿಪ್ಪು ಕುಯ್ದರೂ ನಿನಗೆ ಗೊತ್ತಾಗದು.
ರಾತ್ರಿ ಮಲಗುವ ಮುಂಚೆ ಅಂಗಾಲು ನೋಡಿಕೋ
ಕನ್ನಡಿ ಹಿಡಿದು,
ಮದುಮಗಳು ಮುಖ ನೋಡಿಕೊಳ್ಳುವ ಹಾಗೆ.

ನಾನು ಏಸಿ ಮೆಕ್ಯಾನಿಕ್.
ಹದಿನೇಳು ವರ್ಷದಿಂದ ಬೇರೆಯವರ ಸೆಕೆ ತೆಗೆಯುವವನು.
ದಲ್ಮಾದಿಂದಲೂ ಆಚೆ, ನಕ್ಷೆಯಲ್ಲಿ ಜೀರಿಗೆ ಕಾಳಿನಂಥ ದ್ವೀಪ,
ಅಲ್ಲಿ ಮೀನಿನ ಕೋಲ್ಡ್ ರೂಮು ಕೆಟ್ಟಿದೆ,
ಎರಡು ದಿನದ ಕೆಲಸ ಎಂದರು.
ದೋಣಿಯವನು ನಕ್ಕ. ಯಾಕೆಂದು ಆಮೇಲೆ ತಿಳಿಯಿತು.

ಮೊದಲ ರಾತ್ರಿಯೇ ಶಮಾಲ್ ಎದ್ದಿತು.
ಬೆಳಿಗ್ಗೆ ಕಡಲು ಕಾಣಲಿಲ್ಲ, ಆಕಾಶವೂ ಇಲ್ಲ,
ಬಾಯಿ ಮುಚ್ಚಿದರೂ ಹಲ್ಲಿನ ಸಂದಿಯಲ್ಲಿ ಮರಳು.
ದೋಣಿ ಇಲ್ಲ ಎಂದಿತು ರೇಡಿಯೋ,
ಮರುದಿನವೂ ಇಲ್ಲ, ಅದರ ಮರುದಿನ
ರೇಡಿಯೋ ಏನನ್ನೂ ಹೇಳಲಿಲ್ಲ.
ಕಂಪ್ರೆಸರಿಗೆ ಬೇಕಾದ ಬಿಡಿಭಾಗ ದೋಣಿಯಲ್ಲಿ ಬರಬೇಕು.
ನನ್ನ ಐಸು ನೀರಾಯಿತು, ನೀರು ಬೆಚ್ಚಗಾಯಿತು.
ಪೈಪಿನ ಬಿಸಿ ನೋಡುವ ಮಾಪಕವನ್ನು
ಔಷಧಿಯ ಡಬ್ಬಿಯೊಳಗೆ ಇಳಿಸಿದೆ:
ಮೂವತ್ತೆಂಟು.
ಜ್ವರ ಬಂದ ಮಗುವಿನ ಹಾಗೆ ಡಬ್ಬಿಯನ್ನು
ಮಡಿಲಲ್ಲಿಟ್ಟುಕೊಂಡು ಕೂತೆ.

ಉಪ್ಪಿನಂಗಡಿ ಸಂತೆಯಲ್ಲಿ ಅಜ್ಜ ವೀಳ್ಯದೆಲೆ ಮಾರುತ್ತಿದ್ದ.
ಗೋಣಿಗೆ ನೀರು ಚಿಮುಕಿಸಿ ಗಾಳಿ ಬರುವ ಬದಿಗಿಡುವನು,
"ಎಲೆಗೂ ಉಸಿರು ಬೇಕು ಮೋನೇ" ಎನ್ನುವನು.
ಐಟಿಐಯಲ್ಲಿ ಅದನ್ನೇ ಬಾಷ್ಪೀಭವನ ಎಂದು ಬರೆದು
ಹತ್ತಕ್ಕೆ ನಾಲ್ಕು ಅಂಕ ತೆಗೆದಿದ್ದೆ.

ಕಾವಲುಗಾರ ಗುಲ್ ಬಾದ್‌ಶಾನ ಹತ್ತಿರ
ಒಂದು ಮಣ್ಣಿನ ಹಂಡೆ, ಹಕ್ಕಿಗೆ ನೀರಿಡುವ ಒಂದು ಕುಡಿಕೆ.
ಹಂಡೆಯೊಳಗೆ ಕುಡಿಕೆ, ನಡುವೆ ಮರಳು,
ಮರಳಿಗೆ ನೀರು, ಬಾಯಿಗೆ ಒದ್ದೆ ಅಂಗಿ.
ಗಾಳಿಗೆ ಎದುರಾಗಿ ಇಟ್ಟೆವು,
ದೋಣಿಯನ್ನು ತಡೆದ ಅದೇ ಗಾಳಿಗೆ.
ಅವನು ಪಶ್ತೋದಲ್ಲಿ ಏನೋ ಬೈದ, ಗಾಳಿಗೋ ನನಗೋ.
ಒಂದು ತಾಸು. ಮೂವತ್ಮೂರು.
ಅಸರ್ ನಮಾಜು ಮುಗಿಸಿ ಬಂದಾಗ ಇಪ್ಪತ್ತೊಂಬತ್ತು.
ಕತ್ತಲಾಗುವಾಗ ಇಪ್ಪತ್ತಾರು.
ಆಮೇಲೆ ಮುಳ್ಳು ಅಲ್ಲೇ ನಿಂತಿತು,
ಅದಕ್ಕಿಂತ ಕೆಳಗೆ ಇಳಿಯುವ ಗಾಳಿ ಆ ಕಡಲಿನಲ್ಲಿ ಇರಲಿಲ್ಲ.
ಸಾಕು, ಎಂದೆ.
ಸಾಕು ಎಂಬ ಮಾತು ಆಡಿ ಎಷ್ಟು ವರ್ಷವಾಗಿತ್ತೋ.

ಆ ರಾತ್ರಿ ಕನ್ನಡಿಯಲ್ಲಿ ಅಂಗಾಲು ನೋಡಿಕೊಳ್ಳುವಾಗ
ಗುಲ್ ಬಾದ್‌ಶಾ ತನ್ನದನ್ನೂ ಚಾಚಿದ.
ಹಿಮ್ಮಡಿಯಲ್ಲಿ ಚಿಪ್ಪು ಸೀಳಿದ ಗಾಯ, ವಾರದ್ದು, ಅಂಚು ಕೆಂಪು.
ಕುದಿಸಿ ಆರಿಸಿದ ನೀರಿನಲ್ಲಿ ತೊಳೆದೆ,
ಮರಳಿನ ಒಂದೊಂದು ಕಣ ಇಕ್ಕುಳದಲ್ಲಿ ತೆಗೆದೆ.
ಶಮಾಲಿನ ನಡುವೆ ಫೋನು ಒಂದು ಗಳಿಗೆ ಸಿಕ್ಕಿತು;
ಜೆಸಿಂತಾ ಬಾಯಿಗೆ ಬಣ್ಣ ಹೇಳಿದೆ, ವಾಸನೆ ಹೇಳಿದೆ,
"ಕೆಂಪು ಎಲ್ಲಿಯವರೆಗಿದೆ? ಪೆನ್ನಿನಲ್ಲಿ ಗೆರೆ ಎಳೆ.
ಗೆರೆ ದಾಟಿದರೆ ಕೋಸ್ಟ್ ಗಾರ್ಡಿಗೆ" ಎನ್ನುವಷ್ಟರಲ್ಲಿ ಕಡಿಯಿತು.
ಎಳೆದೆ.
ಇಬ್ಬರೂ ಆ ಗೆರೆಯನ್ನು ಕಾದೆವು
ಗದ್ದೆಯ ಬದು ಕಾಯುವವರ ಹಾಗೆ.

ಐದನೆಯ ದಿನ ದೋಣಿ ಬಂತು. ಕೆಂಪು ಗೆರೆಯೊಳಗೇ ಇತ್ತು.
ಗುಲ್ ಬಾದ್‌ಶಾನನ್ನು ಮೊದಲು ಹತ್ತಿಸಿದೆ,
ಆಮೇಲೆ ಬಿಡಿಭಾಗ ಇಳಿಸಿಕೊಂಡೆ.
ಕೋಲ್ಡ್ ರೂಮು ಸಂಜೆಗೆ ಮೈನಸ್ ಹದಿನೆಂಟಕ್ಕೆ ಇಳಿಯಿತು,
ಔಷಧಿಗೆ ಅದು ಆಗದು, ಹೆಪ್ಪುಗಟ್ಟಿದರೆ ಕೆಟ್ಟಿತು.
ಜಾಬ್ ಕಾರ್ಡಿನಲ್ಲಿ ಬಳಸಿದ ಸಾಮಾನು ಎಂಬ ಕಡೆ
ಗ್ಯಾಸು, ವಾಲ್ವು, ಗ್ಯಾಸ್ಕೆಟ್ಟು ಎಂದು ಬರೆದು
ಕೆಳಗೆ ಸ್ವಲ್ಪ ಜಾಗ ಉಳಿದಿತ್ತು.
ಮಣ್ಣಿನ ಕುಡಿಕೆ ಒಂದು ಎಂದು ಬರೆದೆ.
ಸೂಪರ್‌ವೈಸರು ಇನ್ನೂ ಕೇಳುತ್ತಿದ್ದಾನೆ,
ಇದರ ಬಿಲ್ಲೆಲ್ಲಿ?